ವಯಸ್ಸಾಯ್ತು, ಕೈಯಲ್ಲಿ ದುಡ್ಡಿಲ್ಲ, ವಕೀಲರು ಸಿಗ್ತಾರಾ?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಹಿರಿಯರಿಂದ, ಇಲ್ಲವೇ ಮನೆಯಲ್ಲಿ ಅಂಗವಿಕಲರಿರುವವರಿಂದ. ಎಲ್ಲರದೂ ಒಂದೇ ಆತಂಕ: ಕೋರ್ಟಿಗೆ ಹೋಗೋಕೆ ದುಡ್ಡು ಬೇಕಲ್ವಾ? ಯಾರಿಗೆ ಬೇಕಾಗಿಲ್ಲ, ಯಾಕೆ ಬೇಕಾಗಿಲ್ಲ ಅನ್ನುವುದನ್ನು ನಾಲ್ಕು ಪತ್ರಗಳ ಮೂಲಕ ಹೇಳುತ್ತೇನೆ. ಬರೆದವರ ಹೆಸರು ಕೊಟ್ಟಿಲ್ಲ.

ಪ್ರಶ್ನೆ: ನನಗೆ 71 ವರ್ಷ. ಶಿರಾ ತಾಲ್ಲೂಕಿನ ಹಳ್ಳಿ. ಯಜಮಾನರು ಇಲ್ಲ. ನನ್ನ ಹೆಸರಿನಲ್ಲಿದ್ದ ಮನೆಯನ್ನು ಎರಡು ವರ್ಷದ ಹಿಂದೆ ಮಗನಿಗೆ ದಾನಪತ್ರ ಮಾಡಿಕೊಟ್ಟೆ. ಈಗ ಊಟಕ್ಕೂ ಲೆಕ್ಕ ಹೇಳುತ್ತಾರೆ, ಮನೆ ಬಿಟ್ಟು ಹೋಗು ಅನ್ನುತ್ತಾರೆ. ಸರ್ಕಾರದ ಪಿಂಚಣಿ ಬಿಟ್ಟರೆ ಬೇರೆ ಆದಾಯವಿಲ್ಲ. ವಕೀಲರ ಫೀಸು ಎಲ್ಲಿಂದ ತರಲಿ?

ಉತ್ತರ: ಅಮ್ಮಾ, ಫೀಸಿನ ಚಿಂತೆ ಮೊದಲು ಬಿಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಂ ಪ್ರಕಾರ ಯಾವುದೇ ಹೆಣ್ಣುಮಗಳಿಗೆ ಸರ್ಕಾರದ ಖರ್ಚಿನಲ್ಲಿ ವಕೀಲರು ಸಿಗಬೇಕು. ಇದಕ್ಕೆ ಆದಾಯದ ಮಿತಿ ಇಲ್ಲ. ವಯಸ್ಸಿನ ದಾಖಲೆ, ಬಡತನದ ದಾಖಲೆ ಅಂತ ನೀವು ಅಲೆಯಬೇಕಾಗಿಲ್ಲ.

ಶಿರಾ ಕೋರ್ಟಿಗೆ ಹೋಗಿ, ತಾಲ್ಲೂಕು ಕಾನೂನು ಸೇವಾ ಸಮಿತಿ ಎಲ್ಲಿ ಅಂತ ಕೇಳಿ. ಅಲ್ಲಿನ ನ್ಯಾಯಾಧೀಶರೇ ಅದರ ಅಧ್ಯಕ್ಷರು. ಬಿಳಿ ಹಾಳೆಯಲ್ಲಿ ನಾಲ್ಕು ಸಾಲು ಬರೆದು ಕೊಟ್ಟರೂ ಅರ್ಜಿಯೇ. ಬರೆಯಲು ಬಾರದಿದ್ದರೆ ಬಾಯಲ್ಲಿ ಹೇಳಿ, ಬರೆದುಕೊಳ್ಳುತ್ತಾರೆ. ವಕೀಲರ ಫೀಸು, ಕೋರ್ಟ್ ಫೀ, ಟೈಪಿಂಗ್, ದಾಖಲೆಗಳ ನಕಲು, ಎಲ್ಲದರ ಖರ್ಚು ಅವರದ್ದು. ಅಲ್ಲಿತನಕ ಹೋಗಲು ಕಷ್ಟವಾದರೆ ಯಾರ ಫೋನಿಂದಲಾದರೂ 15100ಕ್ಕೆ ಕರೆ ಮಾಡಿ.

ಇನ್ನು ಮನೆಯ ವಿಷಯ. 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಕಾಯ್ದೆಯಲ್ಲಿ 23ನೇ ಕಲಂ ಇದೆ. ನೋಡಿಕೊಳ್ಳಬೇಕು ಅನ್ನುವ ಷರತ್ತಿನ ಮೇಲೆ ಆಸ್ತಿ ಕೊಟ್ಟಿದ್ದು, ಪಡೆದವರು ನೋಡಿಕೊಳ್ಳದಿದ್ದರೆ ಆ ದಾನಪತ್ರವನ್ನೇ ರದ್ದು ಮಾಡಬಹುದು. ತೊಡಕಿರುವುದು ಆ ಷರತ್ತಿನಲ್ಲಿ. ನಮ್ಮಲ್ಲಿ ಹೆಚ್ಚಿನ ದಾನಪತ್ರಗಳಲ್ಲಿ ‘ಪ್ರೀತಿ ವಿಶ್ವಾಸದಿಂದ ಕೊಟ್ಟಿರುತ್ತೇನೆ, ಈ ದಿನವೇ ಸ್ವಾಧೀನ ಬಿಟ್ಟುಕೊಟ್ಟಿರುತ್ತೇನೆ’ ಅಂತ ಬರೆದು ಮುಗಿಸಿಬಿಡುತ್ತಾರೆ. ತಾಯಿಗೆ ಊಟ, ಔಷಧಿ, ಇರಲು ಜಾಗ ಕೊಡಬೇಕು ಅನ್ನುವ ಒಂದು ಸಾಲು ಇರುವುದಿಲ್ಲ. ಷರತ್ತು ಇತ್ತು ಅಂತ ತೋರಿಸಲೇಬೇಕು ಅಂತ ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. ಹಾಗಂತ ಕೈಚೆಲ್ಲಬೇಡಿ. 2025ರ ಜನವರಿಯಲ್ಲಿ ಅದೇ ಕೋರ್ಟು ಮಧ್ಯಪ್ರದೇಶದ ಒಬ್ಬ ತಾಯಿಯ ಪರವಾಗಿ ತೀರ್ಪು ಕೊಟ್ಟಿತು. ದಾನಪತ್ರದ ಜೊತೆಗೆ ಅದೇ ದಿನ ಮಗ ಬರೆದುಕೊಟ್ಟಿದ್ದ ವಚನಪತ್ರವನ್ನೂ ಲೆಕ್ಕಕ್ಕೆ ತಗೊಂಡಿತು. ಈ ಕಾಯ್ದೆ ಇರುವುದೇ ಹಿರಿಯರಿಗಾಗಿ, ಅದನ್ನು ಉದಾರವಾಗಿ ಓದಬೇಕು ಅಂತ ಹೇಳಿ, ಆಸ್ತಿಯನ್ನು ತಾಯಿಗೆ ವಾಪಸ್ ಕೊಡಿಸಿತು.

ಆದ್ದರಿಂದ ಸಬ್ ರಿಜಿಸ್ಟ್ರಾರ್ ಆಫೀಸಿನಿಂದ ನಿಮ್ಮ ದಾನಪತ್ರದ ನಕಲು ತೆಗೆಸಿ, ಸಾಲು ಸಾಲಾಗಿ ಓದಿಸಿಕೊಳ್ಳಿ. ಊರ ಹಿರಿಯರ ಮುಂದೆ ಮಗ ಏನಾದರೂ ಬರೆದುಕೊಟ್ಟಿದ್ದರೆ ಆ ಚೀಟಿಯನ್ನು ಜೋಪಾನವಾಗಿಡಿ.

ಅರ್ಜಿ ಕೊಡಬೇಕಾದ್ದು ಎಸಿ ಆಫೀಸಿನಲ್ಲಿ, ಅಂದರೆ ಉಪವಿಭಾಗಾಧಿಕಾರಿಗಳ ಮುಂದೆ. ಶಿರಾಕ್ಕೆ ಅದು ಮಧುಗಿರಿಯಲ್ಲಿದೆ. ದಾನಪತ್ರ ರದ್ದು ಮಾಡಿ ಅಂತ ಕೇಳುವ ಜೊತೆಗೇ ಜೀವನಾಂಶವನ್ನೂ ಕೇಳಿ. ಕಾಯ್ದೆಯಲ್ಲಿರುವ ಮಿತಿ ತಿಂಗಳಿಗೆ 10,000 ರೂಪಾಯಿ. 2007ರಲ್ಲಿ ಹಾಕಿದ ಆ ಮಿತಿ ಈಗಿನ ಔಷಧಿ ಖರ್ಚಿಗೆ ಏನೇನೂ ಸಾಲದು, ಅದನ್ನು ತೆಗೆಯಲೇಬೇಕು ಅನ್ನುವುದು ನನ್ನ ಖಚಿತ ಅಭಿಪ್ರಾಯ. ಜೀವನಾಂಶದ ಅರ್ಜಿಯನ್ನು ಮಗನಿಗೆ ನೋಟಿಸು ತಲುಪಿದ 90 ದಿನದಲ್ಲಿ ತೀರ್ಮಾನಿಸಬೇಕು. ತೀರಾ ಅನಿವಾರ್ಯವಾದರೆ ಇನ್ನು 30 ದಿನ ತಗೊಳ್ಳಬಹುದು. ಆದೇಶ ನಿಮಗೆ ವಿರುದ್ಧವಾಗಿ ಬಂದರೆ 60 ದಿನದೊಳಗೆ ಡಿಸಿಯವರ ಮುಂದೆ ಮೇಲ್ಮನವಿ ಹಾಕಬಹುದು.

ಒಂದು ಗೊಂದಲ ಇಲ್ಲೇ ಬಗೆಹರಿಸಿಬಿಡುತ್ತೇನೆ. ಎಸಿಯವರ ಮುಂದೆ ವಕೀಲರು ನಿಲ್ಲುವಂತಿಲ್ಲ ಅಂತ ಈ ಕಾಯ್ದೆಯ 17ನೇ ಕಲಂ ಹೇಳುತ್ತದೆ. ಈ ಕಲಂ ವಕೀಲರನ್ನು ತಡೆಯಲಾರದು ಅಂತ ಕೇರಳ ಹೈಕೋರ್ಟ್ 2021ರಲ್ಲಿ ತೀರ್ಪು ಕೊಟ್ಟಿದೆ. ಆದರೂ ಆ ವಾದಕ್ಕಾಗಿ ನೀವು ಕಾಯುತ್ತಾ ಕೂರಬೇಡಿ. ಕಾನೂನು ಸೇವಾ ಸಮಿತಿಯ ವಕೀಲರು ಅರ್ಜಿ ಬರೆದುಕೊಡಲಿ, ದಾಖಲೆ ಜೋಡಿಸಿಕೊಡಲಿ. ಅಲ್ಲಿ ಮಾತಾಡಬೇಕಾದವರು ನೀವೇ. ಆಗಿದ್ದನ್ನು ಆದಂತೆ ಹೇಳಿದರೆ ಸಾಕು.

ನಾಳೆಯೇ ಮನೆಯಿಂದ ಹೊರಗೆ ಹಾಕುವ ಭಯವಿದ್ದರೆ ಇನ್ನೊಂದು ದಾರಿ ಇದೆ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ ಸೊಸೆಯರಿಗೆ ಮಾತ್ರ ಅಂದುಕೊಂಡಿದ್ದಾರೆ ಎಷ್ಟೋ ಜನ. ತಾಯಿಗೂ ಅದು ಅನ್ವಯಿಸುತ್ತದೆ. ಮನೆ ಈಗ ಮಗನ ಹೆಸರಿನಲ್ಲಿದ್ದರೂ, ನೀವು ಜೊತೆಯಲ್ಲಿ ವಾಸವಿದ್ದ ಮನೆಯಿಂದ ಹಾಗೆ ಸುಮ್ನೆ ಹೊರಗೆ ಹಾಕುವಂತಿಲ್ಲ. ಮ್ಯಾಜಿಸ್ಟ್ರೇಟರು ವಾಸದ ಆದೇಶ ಕೊಡಬಹುದು. ಇಲ್ಲಿ ನಿಮ್ಮ ಪರವಾಗಿ ವಕೀಲರೇ ವಾದ ಮಾಡುತ್ತಾರೆ. ನಿಮ್ಮ ಪರಿಸ್ಥಿತಿಗೆ ಮೊದಲು ಇದನ್ನೇ ಮಾಡಿ, ಎಸಿಯವರ ಹತ್ತಿರ ಆಮೇಲೆ ಹೋಗಿ ಅನ್ನುತ್ತೇನೆ ನಾನು. ತಲೆಯ ಮೇಲೆ ಸೂರು ಉಳಿದರೆ ಮಿಕ್ಕಿದ್ದಕ್ಕೆ ಹೋರಾಡಬಹುದು.

ಪ್ರಶ್ನೆ: ನನಗೆ 68, ಗಂಡಸು. ಖಾಸಗಿ ಕಂಪನಿಯಿಂದ ನಿವೃತ್ತ. ಇಬ್ಬರು ಮಕ್ಕಳೂ ವಿದೇಶದಲ್ಲಿದ್ದಾರೆ, ಹಣ ಕಳಿಸುವುದಿಲ್ಲ. ಹಿರಿಯ ನಾಗರಿಕ ಅಂದಮೇಲೆ ನನಗೂ ವಕೀಲರು ಉಚಿತವೇ? — ದಾವಣಗೆರೆ

ಉತ್ತರ: ಬರೀ ವಯಸ್ಸಿನ ಆಧಾರದ ಮೇಲೆ ಸಿಗುವುದಿಲ್ಲ. 1987ರ ಕಾಯ್ದೆಯ 12ನೇ ಕಲಂನಲ್ಲಿ ಹಿರಿಯ ನಾಗರಿಕರು ಅನ್ನುವ ಪ್ರತ್ಯೇಕ ವರ್ಗ ಇಲ್ಲ. ಇದು ಕಾಯ್ದೆಯ ಕೊರತೆ, ಸರಿಹೋಗಬೇಕು. ಪರಿಶಿಷ್ಟ ಜಾತಿ ಅಥವಾ ಪಂಗಡದವರಾಗಿದ್ದರೆ, ಅಂಗವೈಕಲ್ಯ ಇದ್ದರೆ ಆದಾಯ ಕೇಳುವುದಿಲ್ಲ. ಇಲ್ಲದಿದ್ದರೆ ಕರ್ನಾಟಕದಲ್ಲಿ ವರ್ಷದ ಆದಾಯ 3 ಲಕ್ಷ ರೂಪಾಯಿಯ ಒಳಗಿರಬೇಕು. ಲೆಕ್ಕ ಹಾಕುವುದು ನಿಮ್ಮ ಆದಾಯವನ್ನು, ಮಕ್ಕಳ ಸಂಬಳವನ್ನಲ್ಲ. ಮಿತಿ ದಾಟಿದರೂ ಕಾನೂನು ಸಲಹೆ ಕೇಳಲು, ಲೋಕ ಅದಾಲತ್‌ನಲ್ಲಿ ರಾಜಿಗೆ ಕೂರಲು ನಿಮಗೆ ಅಡ್ಡಿಯಿಲ್ಲ.

ಮಕ್ಕಳು ಎಲ್ಲೇ ಇದ್ದರೂ ಭಾರತದ ಪೌರರಾಗಿದ್ದರೆ 2007ರ ಕಾಯ್ದೆ ಅವರಿಗೂ ಅನ್ವಯಿಸುತ್ತದೆ. ನೀವು ವಾಸವಿರುವ ಊರಿನ ವ್ಯಾಪ್ತಿಯ ಎಸಿ ಆಫೀಸಿನಲ್ಲೇ ಅರ್ಜಿ ಹಾಕಿ. ಹೇಗೆ, ಎಲ್ಲಿ ಅಂತ ತಿಳಿಯದಿದ್ದರೆ ಹಿರಿಯರ ಸಹಾಯವಾಣಿ 14567.

ಪ್ರಶ್ನೆ: ನಮ್ಮ ಅಣ್ಣನಿಗೆ ಹುಟ್ಟಿನಿಂದ ಕಿವಿ ಕೇಳುವುದಿಲ್ಲ, ಮಾತು ಬಾರದು. ಹೆಬ್ಬೆಟ್ಟು ಒತ್ತಿಸಿಕೊಂಡು ಅವನ ಪಾಲಿನ ಎರಡು ಎಕರೆಯನ್ನು ದೊಡ್ಡಪ್ಪನ ಮಕ್ಕಳು ಹಕ್ಕು ಬಿಡುಗಡೆ ಮಾಡಿಸಿಕೊಂಡಿದ್ದಾರೆ. ಪಹಣಿಯಲ್ಲಿ ಹೆಸರು ಬದಲಾದ ಮೇಲೆ ನಮಗೆ ಗೊತ್ತಾಯಿತು. ಅವನ ಪರವಾಗಿ ನಾನು ಕೇಸು ಹಾಕಬಹುದೇ? — ಹಾವೇರಿ ಜಿಲ್ಲೆ

ಉತ್ತರ: ಕೇಸು ಹಾಕಬೇಕಾದವರು ನಿಮ್ಮ ಅಣ್ಣ. ಕಿವಿ ಕೇಳುವುದಿಲ್ಲ, ಮಾತು ಬಾರದು ಅಂದಮಾತ್ರಕ್ಕೆ ಅವರಿಗೆ ಪಾಲಕರು ಬೇಕಾಗಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 13ನೇ ಕಲಂ ಪ್ರಕಾರ ಆಸ್ತಿ ಹೊಂದಲು, ತಮ್ಮ ಹಣಕಾಸು ನೋಡಿಕೊಳ್ಳಲು ಅವರಿಗೆ ಉಳಿದವರಷ್ಟೇ ಹಕ್ಕಿದೆ. ನೀವು ಜೊತೆಗಿದ್ದು ನೆರವಾಗಿ. ಆದರೆ ಅವರ ಬದಲು ನೀವೇ ಮಾತಾಡಿಬಿಡಬೇಡಿ. ಹತ್ತಿರದವರೇ ಪ್ರೀತಿಯಿಂದ ಇದನ್ನು ಮಾಡುತ್ತಾರೆ, ಕೋರ್ಟಿನಲ್ಲಿ ಅದೇ ಕೇಸನ್ನು ಕೆಡಿಸುತ್ತದೆ.

ಅಂಗವಿಕಲರಿಗೆ ಆದಾಯ ಎಷ್ಟಿದ್ದರೂ ಉಚಿತ ವಕೀಲರು ಸಿಗುತ್ತಾರೆ. ಯುಡಿಐಡಿ ಕಾರ್ಡ್, ಅಂದರೆ ಅಂಗವಿಕಲರ ಗುರುತಿನ ಚೀಟಿ ಇದ್ದರೆ ಅದರ ನಕಲು ಕೊಡಿ. ಕಾರ್ಡ್ ಇನ್ನೂ ಮಾಡಿಸಿಲ್ಲವಾದರೆ ನಿಮ್ಮ ಗ್ರಾಮ ಪಂಚಾಯಿತಿಯ ವಿಆರ್‌ಡಬ್ಲ್ಯೂ, ಅಂದರೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರ ಹತ್ತಿರ ಕೇಳಿ, ಅವರು ಇರುವುದೇ ಇಂಥ ಕೆಲಸಕ್ಕೆ. ಅರ್ಜಿಯಲ್ಲೇ ‘ಸಂಜ್ಞೆ ಭಾಷೆ ಬಲ್ಲವರನ್ನು ಕೊಡಿ’ ಅಂತ ಬರೆಯಿರಿ. ಇದು ದಯೆ ಬೇಡುವುದಲ್ಲ. ಅಂಗವಿಕಲರು ತಮಗೆ ಒಗ್ಗುವ ಭಾಷೆ, ವಿಧಾನದಲ್ಲಿ ಸಾಕ್ಷಿ ಹೇಳಲು ವ್ಯವಸ್ಥೆ ಇರಬೇಕು ಅಂತ ಅದೇ ಕಾಯ್ದೆಯ 12ನೇ ಕಲಂ ಹೇಳುತ್ತದೆ. ಅಣ್ಣ ಮನೆಯವರಿಗೆ ಮಾತ್ರ ತಿಳಿಯುವ ಸನ್ನೆಗಳಲ್ಲಿ ಮಾತಾಡುವವರಾದರೆ ಅದನ್ನೂ ವಕೀಲರಿಗೆ ಮೊದಲೇ ಹೇಳಿಡಿ.

ಬಿಡುಗಡೆ ಪತ್ರದಲ್ಲಿ ಏನಿದೆ ಅಂತ ಅವರಿಗೆ ಯಾರು ತಿಳಿಸಿದರು, ಹೇಗೆ ತಿಳಿಸಿದರು? ಇಡೀ ಕೇಸು ನಿಲ್ಲುವುದು ಈ ಪ್ರಶ್ನೆಯ ಮೇಲೆ. ಪತ್ರದಲ್ಲಿ ‘ಓದಿ ಹೇಳಲಾಗಿ ಒಪ್ಪಿರುತ್ತಾರೆ’ ಅಂತ ಇದ್ದೇ ಇರುತ್ತದೆ. ಕಿವಿ ಕೇಳದವರಿಗೆ ಓದಿ ಹೇಳುವುದು ಹೇಗೆ? ಸಾಕ್ಷಿ ಹಾಕಿದವರನ್ನು, ಪತ್ರ ಬರೆದವರನ್ನು ವಕೀಲರು ಇದನ್ನೇ ಕೇಳಬೇಕು. ತಡ ಮಾಡಬೇಡಿ. ಇಂಥ ಪತ್ರ ರದ್ದು ಮಾಡಿಸಲು ಮೋಸ ಗೊತ್ತಾದ ದಿನದಿಂದ ಮೂರು ವರ್ಷ ಮಾತ್ರ ಅವಕಾಶ. ಜಮೀನು ಬೇರೆಯವರಿಗೆ ಮಾರದಂತೆ ಮೊದಲ ದಿನವೇ ತಡೆಯಾಜ್ಞೆ ಕೇಳಿ.

ಪ್ರಶ್ನೆ: ಉಚಿತ ವಕೀಲರನ್ನು ಕೊಟ್ಟಿದ್ದಾರೆ. ಆದರೆ ಖರ್ಚಿಗೆ ಅಂತ ಎರಡು ಸಲ ಹಣ ಕೇಳಿದರು. ಮೂರು ಸಲ ಕೇಸಿನ ತಾರೀಕಿಗೆ ಬರಲೇ ಇಲ್ಲ. ಸಿಟ್ಟಾದರೆ ಕೇಸು ಹಾಳಾದೀತು ಅಂತ ಸುಮ್ಮನಿದ್ದೇನೆ. — ಮಂಡ್ಯ

ಉತ್ತರ: ಸುಮ್ಮನಿರಬೇಡಿ. ಪ್ಯಾನೆಲ್ ವಕೀಲರು, ಅಂದರೆ ಕಾನೂನು ಸೇವಾ ಪ್ರಾಧಿಕಾರದ ಪಟ್ಟಿಯಲ್ಲಿರುವ ವಕೀಲರು ನಿಮ್ಮಿಂದ ಒಂದು ರೂಪಾಯಿಯನ್ನೂ ಕೇಳುವಂತಿಲ್ಲ, ಅವರಿಗೆ ಪ್ರಾಧಿಕಾರವೇ ಫೀಸು ಕೊಡುತ್ತದೆ. ನಿಯತ್ತಾಗಿ ದುಡಿಯುವ ಪ್ಯಾನೆಲ್ ವಕೀಲರು ಬಹಳ ಜನ ಇದ್ದಾರೆ. ಇಂಥ ಕೆಲವರಿಂದ ಅವರಿಗೂ ಕೆಟ್ಟ ಹೆಸರು. ಹಣ ಕೇಳಿದ ದಿನ, ಅವರು ಬಾರದ ತಾರೀಕು, ಕೇಸ್ ನಂಬರ್ ಬರೆದು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಸದಸ್ಯ ಕಾರ್ಯದರ್ಶಿಗೆ ಕೊಡಿ. ಆ ಹುದ್ದೆಯಲ್ಲಿರುವವರು ನ್ಯಾಯಾಧೀಶರು. ವಕೀಲರನ್ನು ಬದಲಾಯಿಸಿಕೊಡಿ ಅಂತ ಅದೇ ಪತ್ರದಲ್ಲಿ ಕೇಳಬಹುದು. ಇನ್ನೊಂದು ಪ್ರತಿಯ ಮೇಲೆ ಸೀಲು, ಸಹಿ ಹಾಕಿಸಿಕೊಂಡು ಬನ್ನಿ. ಹದಿನೈದು ದಿನದಲ್ಲಿ ಉತ್ತರ ಬಾರದಿದ್ದರೆ ಆ ಪ್ರತಿಯ ನಕಲನ್ನು ಬೆಂಗಳೂರಿನ ನ್ಯಾಯದೇಗುಲದಲ್ಲಿರುವ ರಾಜ್ಯ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ.