ಹಠ ಅಂದುಕೊಂಡಿದ್ದು ಹಲ್ಲುನೋವು

ಮಾತು ಬಾರದ ಮಗು ಇದ್ದಕ್ಕಿದ್ದ ಹಾಗೆ ಕೆನ್ನೆಗೆ ಹೊಡೆದುಕೊಳ್ಳುತ್ತಿದೆ ಎಂದು ಯಾರಾದರೂ ಬಂದರೆ ಆಪ್ತಸಲಹೆಗಾರ್ತಿಯಾದ ನಾನು ಮೊದಲು ಕೇಳುವುದು, "ಅದರ ಬಾಯಿ ನೋಡಿದ್ದೀರಾ?" ಬಹಳ ಮಂದಿ ನೋಡಿರುವುದಿಲ್ಲ. ಇಂಥ ಮಕ್ಕಳು ಪದೇ ಪದೇ ಬರುತ್ತಿದ್ದಾರೆ. ಅದಕ್ಕೇ ಒಂದು ಪ್ರಕರಣ ಬರೆಯುತ್ತಿದ್ದೇನೆ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ.

ಹುಡುಗನಿಗೆ ಎಂಟು ವರ್ಷ. ಆಟಿಸಂ ಇದೆ. ಫಿಟ್ಸ್‌ಗೆ ಚಿಕ್ಕಂದಿನಿಂದ ಸಿರಪ್ ಕುಡಿಯುತ್ತಾನೆ. ಸ್ವಲ್ಪ ದಿನಗಳಿಂದ ನಿದ್ದೆ ಇಲ್ಲ, ರೊಟ್ಟಿ ಮುಟ್ಟುತ್ತಿಲ್ಲ, ಎಡಗೆನ್ನೆಗೆ ಹೊಡೆದುಕೊಳ್ಳುತ್ತಾನೆ. ಶಾಲೆಯಲ್ಲಿ "ಬಿಹೇವಿಯರ್ ಜಾಸ್ತಿಯಾಗಿದೆ" ಅಂದರು. ಮನೆಯಲ್ಲಿ ಹಠ ಅಂದರು. ಮಕ್ಕಳ ಹಲ್ಲಿನ ಡಾಕ್ಟರು ನೋಡಿದಾಗ ಐದಾರು ಹಲ್ಲು ಹುಳುಕು, ಎರಡರ ಬುಡದಲ್ಲಿ ಕೀವು. ಆರನೇ ವಯಸ್ಸಿನ ಸುಮಾರಿಗೆ ಬರುವ ಶಾಶ್ವತ ದವಡೆ ಹಲ್ಲೂ ಒಂದು ಕೆಟ್ಟಿತ್ತು. ಮನೆಯವರು ಅದನ್ನೂ ಹಾಲುಹಲ್ಲು ಅಂದುಕೊಂಡಿದ್ದರು. ಅನೆಸ್ತೇಶಿಯಾ ಕೊಟ್ಟು ಎಲ್ಲವನ್ನೂ ಒಂದೇ ಸಲ ಮುಗಿಸೋಣ ಅಂದರು ಡಾಕ್ಟರು. "ಹಲ್ಲಿಗೆ ಯಾರಾದ್ರೂ ಪ್ರಜ್ಞೆ ತಪ್ಪಿಸ್ತಾರಾ?" ಎಂದರು ಅಪ್ಪ. "ಬೀಳೋ ಹಲ್ಲಿಗೆ ಇಷ್ಟೆಲ್ಲ ಯಾಕೆ?" ಎಂದರು ಅಜ್ಜಿ.

ಮುಂದಿನ ಭೇಟಿಗೆ ತಾಯಿ ಒಬ್ಬರೇ ಬಂದರು. ಹಲ್ಲುಜ್ಜುವುದು ಹೇಗೆ ನಡೆಯುತ್ತೆ ಎಂದು ಕೇಳಿದೆ. ಅವರು ಬಲಗೈ ಚಾಚಿ ತೋರಿಸಿದರು. ಹೆಬ್ಬೆರಳ ಬುಡದಲ್ಲಿ ಮೂರ್ನಾಲ್ಕು ಹಳೆಯ ಕಚ್ಚಿದ ಗುರುತು.

"ಮೊದಲು ದಿನಾ ಉಜ್ಜುತ್ತಿದ್ದೆ ಮೇಡಂ. ಅತ್ತೆ ಕಾಲು ಹಿಡ್ಕೋತಿದ್ರು, ಇವರು ಕೈ ಹಿಡ್ಕೋತಿದ್ರು, ನಾನು ಬ್ರಷ್ ಹಾಕ್ತಿದ್ದೆ. ಆಮೇಲೆ ಸಂಜೆವರೆಗೂ ಅವನು ನನ್ನ ಹತ್ರ ಬರ್ತಿರಲಿಲ್ಲ. ಬೇರೆ ಮಕ್ಕಳು ಅಮ್ಮಾ ಅಂತ ಕೂಗ್ತಾವೆ. ಇವನು ಬಂದು ನನ್ನ ಕುತ್ತಿಗೆಗೆ ಮೂಗು ತಾಗಿಸ್ತಾನೆ, ಅದೇ ಅವನ ಕೂಗು. ಅದೂ ನಿಂತುಹೋಯ್ತು. ಅದಕ್ಕೇ ಬ್ರಷ್ ಬಿಟ್ಟೆ."

ಈ ಮಾತು ಕೇಳಿದ ಮೇಲೆ ನನ್ನ ಸಲಹೆಯ ದಾರಿಯೇ ಬದಲಾಯಿತು. ಈಕೆಗೆ ಸೋಮಾರಿತನವೂ ಇಲ್ಲ, ತಿಳಿವಳಿಕೆಯ ಕೊರತೆಯೂ ಇಲ್ಲ. ಮಗ ಹತ್ತಿರ ಬರಲಿ ಎಂದು ಹಲ್ಲನ್ನು ಬಿಟ್ಟುಕೊಟ್ಟಿದ್ದಾರೆ. ಇವರಿಗೆ "ದಿನಕ್ಕೆ ಎರಡು ಸಲ ಉಜ್ಜಿಸಿ" ಎಂದು ಹೇಳಿ ಕಳಿಸಿದರೆ ಏನು ಪ್ರಯೋಜನ? ಹಾಗೆ ಹೇಳಿದವರು ಆಗಲೇ ಬೇಕಾದಷ್ಟು ಜನ ಇದ್ದರು.

ನಾನು ಹೇಳಿದ್ದು ಇಷ್ಟು. ಈಗಿರುವ ನೋವು ಬೇರೆ, ಉಜ್ಜುವ ಅಭ್ಯಾಸ ಬೇರೆ. ಅಭ್ಯಾಸ ನಿಧಾನಕ್ಕೆ ಆಗಲಿ. ಆದರೆ ಮಗು ಹಲ್ಲಿನ ಡಾಕ್ಟರ ಕುರ್ಚಿಗೆ ಒಗ್ಗಿಕೊಳ್ಳುವವರೆಗೆ ಕೀವು ಕಾಯುವುದಿಲ್ಲ. ಎಚ್ಚರ ಇದ್ದಾಗ ನಾಲ್ಕು ಜನ ಅದುಮಿ ಹಿಡಿದು ಒಂದೊಂದೇ ಹಲ್ಲು ಕೀಳಿಸಿದರೆ, ಮುಂದೆ ಯಾವ ಡಾಕ್ಟರಿಗೂ ಅವನು ಬಾಯಿ ತೆರೆಯಲಿಕ್ಕಿಲ್ಲ. ಹಾಗಾಗಿ ಅನೆಸ್ತೇಶಿಯಾಗೆ ಒಪ್ಪುವುದೇ ಒಳ್ಳೆಯದು ಅಂದೆ.

ಆಪ್ತಸಲಹೆಗಾರರಿಗೆ ಈ ವಿಷಯ ಯಾಕೆ ಎಂದು ಕೇಳಿದವರಿದ್ದಾರೆ. ಆ ಮಗುವಿಗೆ ಅನೆಸ್ತೇಶಿಯಾ ಕೊಡಬಹುದೋ ಇಲ್ಲವೋ ಎಂದು ಹೇಳಬೇಕಾದವರು ಡಾಕ್ಟರೇ. ಆದರೆ ಹೆದರಿದ ಅಪ್ಪ ಡಾಕ್ಟರನ್ನು ಪ್ರಶ್ನೆ ಕೇಳುವುದಿಲ್ಲ, ಸುಮ್ನೆ ಮನೆಗೆ ಹೋಗಿಬಿಡುತ್ತಾನೆ. ಅವನು ಕೇಳುವ ಹಾಗೆ ಮಾಡುವುದು ನನ್ನ ಕೆಲಸವೇ. ಅಪ್ಪನನ್ನು ಕರೆಸಿ ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆಸಿದೆ. ಎಷ್ಟು ಗಂಟೆ ಏನೂ ತಿನ್ನಿಸಬಾರದು? ಆ ದಿನ ಬೆಳಗಿನ ಫಿಟ್ಸ್ ಔಷಧ ಕೊಡಬೇಕಾ? ಅವನಿಗೆ ಎಚ್ಚರವಾಗುವಾಗ ಪಕ್ಕದಲ್ಲಿ ಯಾರಿರಬಹುದು? ಚೀಟಿ ಹಿಡಿದು ಅನೆಸ್ತೇಶಿಯಾ ಡಾಕ್ಟರ ಹತ್ತಿರ ಹೋದವರು ಒಪ್ಪಿ ಬಂದರು.

ಬ್ರಷ್ ಇನ್ನು ಅಪ್ಪನ ಕೈಯಲ್ಲಿರಲಿ ಅಂದೆ. ತಾಯಿಗೆ ಸ್ವಲ್ಪ ಕಾಲ ಈ ಕೆಲಸ ಬೇಡವೇ ಬೇಡ. ಬಚ್ಚಲುಮನೆಯಲ್ಲೂ ಬೇಡ, ಅಲ್ಲಿ ಅವನಿಗೆ ಹಳೆಯ ಭಯವಿದೆ. ನಡುಮನೆಯಲ್ಲಿ ಚಾಪೆ ಹಾಕಿ, ತಲೆ ಅಪ್ಪನ ತೊಡೆ ಮೇಲೆ ಬರುವ ಹಾಗೆ ಮಲಗಿಸಿ. ಮೊದಮೊದಲು ಕೆನ್ನೆಗೆ ಬೆರಳು ಮಾತ್ರ. ಆಮೇಲೆ ವಸಡಿನ ಮೇಲೆ ಒದ್ದೆ ಬಟ್ಟೆ. ಆಮೇಲೆ ಬರೀ ಬ್ರಷ್. ಕೊನೆಗೆ ಬಟಾಣಿ ಕಾಳಿನಷ್ಟು ಫ್ಲೋರೈಡ್ ಪೇಸ್ಟ್. ಒಂದರಿಂದ ಹತ್ತರವರೆಗೆ ಜೋರಾಗಿ ಎಣಿಸಿ, ಹತ್ತಕ್ಕೆ ನಿಲ್ಲಿಸಲೇಬೇಕು. ಇನ್ನೊಂದೇ ಹಲ್ಲು ಎಂದು ಹನ್ನೊಂದಕ್ಕೆ ಹೋದರೆ ಮಗು ಆ ಎಣಿಕೆಯನ್ನೇ ನಂಬುವುದಿಲ್ಲ. ಹತ್ತು ಎಣಿಕೆಯಲ್ಲಿ ಬಾಯೆಲ್ಲ ಎಲ್ಲಿ ಚೊಕ್ಕಟವಾಗುತ್ತೆ ಅನ್ನಬಹುದು, ನಿಜ. ಬೆಳಿಗ್ಗೆ ಮೇಲಿನ ಸಾಲು, ರಾತ್ರಿ ಕೆಳಗಿನ ಸಾಲು ಮಾಡಿ. ಒಗ್ಗಿದ ಮೇಲೆ ಎಣಿಕೆ ಹೆಚ್ಚಿಸಬಹುದು.

ಸಿಹಿ ಸಿರಪ್ ಕುಡಿಸಿ ಹಾಗೇ ಮಲಗಿಸುವ ಮನೆಗಳು ಜಾಸ್ತಿ. ಔಷಧ ಮೊದಲು, ಬ್ರಷ್ ಆಮೇಲೆ, ಅದಾದ ಮೇಲೆ ನೀರು ಮಾತ್ರ. ಸಕ್ಕರೆ ಇಲ್ಲದ ಸಿರಪ್ ಅಥವಾ ಮಾತ್ರೆ ಇದೆಯಾ ಎಂದು ಡಾಕ್ಟರನ್ನು ಕೇಳಿ, ನೀವಾಗಿಯೇ ನಿಲ್ಲಿಸಬೇಡಿ. ಫಿಟ್ಸ್‌ಗೆ ಫೆನಿಟಾಯಿನ್ ಎಂಬ ಔಷಧ ತೆಗೆದುಕೊಳ್ಳುವ ಮಕ್ಕಳಲ್ಲಿ ವಸಡು ಬೆಳೆದು ಹಲ್ಲು ಮುಚ್ಚುವುದುಂಟು, ಅದನ್ನೂ ತೋರಿಸಿ. ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಹೃದಯದ ತೊಂದರೆ ಬಹಳ ಸಾಮಾನ್ಯ. ಅಂಥ ತೊಂದರೆ ಇದ್ದರೆ ಹಲ್ಲಿನ ಡಾಕ್ಟರಿಗೆ ಮೊದಲೇ ಹೇಳಿ, ಕೆಲವರಿಗೆ ಹಲ್ಲು ಕೀಳುವ ಮೊದಲು ಆಂಟಿಬಯೋಟಿಕ್ ಬೇಕಾಗುತ್ತದೆ. ಇನ್ನು ಥೆರಪಿಯಲ್ಲಿ ಒಂದೊಂದು ಕೆಲಸಕ್ಕೂ ಒಂದೊಂದು ಚಾಕೊಲೇಟ್ ಕೊಡುವ ಪದ್ಧತಿ ನನಗೆ ಸ್ವಲ್ಪವೂ ಒಪ್ಪಿಗೆಯಿಲ್ಲ. ಸೋಪಿನ ಗುಳ್ಳೆ, ಉಯ್ಯಾಲೆ, ಇಷ್ಟದ ಹಾಡು ಕೊಡಬಹುದಲ್ವಾ?

ಖರ್ಚಿನ ಚಿಂತೆ ಇರುವವರು ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟ್‌ನ ನಿರಾಮಯ ಆರೋಗ್ಯ ವಿಮೆಯ ಬಗ್ಗೆ ವಿಚಾರಿಸಿ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಂಗವೈಕಲ್ಯ, ಬಹುವಿಧ ಅಂಗವೈಕಲ್ಯ ಇರುವವರಿಗೆ 1 ಲಕ್ಷ ರೂಪಾಯಿವರೆಗೆ ರಕ್ಷಣೆ ಇದೆ.

ಹುಡುಗನಿಗೆ ಚಿಕಿತ್ಸೆ ಆಯಿತು. ಹಾಲುಹಲ್ಲು ಕೆಲವು ಹೋದವು, ಶಾಶ್ವತ ಹಲ್ಲು ಉಳಿಯಿತು. ನಿದ್ದೆ ಮರಳಿತು, ಕೆನ್ನೆಗೆ ಹೊಡೆದುಕೊಳ್ಳುವುದು ನಿಂತಿತು. ಅಪ್ಪ ಈಗ ಇಪ್ಪತ್ತರವರೆಗೆ ಎಣಿಸುತ್ತಾರೆ. ಎಡಗಡೆ ಮೇಲಿನ ದವಡೆಗೆ ಮಾತ್ರ ಇನ್ನೂ ಬ್ರಷ್ ಬಿಡುವುದಿಲ್ಲ. ಸದ್ಯಕ್ಕೆ ಅಲ್ಲಿ ಬಟ್ಟೆಯಲ್ಲೇ ಒರೆಸಲಿ ಎಂದಿದ್ದೇನೆ. ಮೂರು ತಿಂಗಳಿಗೊಮ್ಮೆ ಡಾಕ್ಟರು ನೋಡುತ್ತಾರೆ.