ಅಣ್ಣಂದಿರಿಗೆ ಕಾಲಂ ಎಲ್ಲಿದೆ?

ತ್ರಿವೇಣಿ, ಸಾರಾ ಅಬೂಬಕ್ಕರ್, ಬಾನು ಮುಷ್ತಾಕ್ ಬರೆದ ತಾಯಂದಿರನ್ನು 'ಹಿಂಸೆಯನ್ನು ಪ್ರತಿಭಟಿಸಿದವರು', 'ಶರಣಾದವರು' ಎಂದು ವಿಂಗಡಿಸಿ ಕಿರುಪ್ರಬಂಧ ಬರೆದರೆ ಅದು ಸ್ತ್ರೀವಾದಿ ವಿಮರ್ಶೆ ಆಗುತ್ತದಾ ಅಂತ ಕೇಳಿದ್ದೀರಿ. ಆಗಲ್ಲ. ನಾನು ಇದನ್ನೇ ಮಾಡಿ, ಎಂ.ಫಿಲ್. ವೈವಾದಿಂದ, ಅಂದರೆ ಮೌಖಿಕ ಪರೀಕ್ಷೆಯಿಂದ, ಪ್ರಬಂಧವನ್ನು ಕಂಕುಳಲ್ಲಿ ಇಟ್ಟುಕೊಂಡು ವಾಪಸ್ ಬಂದವಳು.

ನನ್ನ ಪ್ರಬಂಧದ ನಡುವೆ ಒಂದು ದೊಡ್ಡ ಪಟ್ಟಿ ಇತ್ತು. ಅದರ ಮೇಲೆ ನನಗೆ ಭಾರಿ ಹೆಮ್ಮೆ. ಪಾತ್ರ, ಅನುಭವಿಸಿದ ಹಿಂಸೆ, ಪ್ರತಿಕ್ರಿಯೆ ಅಂತ ಮೂರು ಕಾಲಂ. ತ್ರಿವೇಣಿಯವರ 'ಶರಪಂಜರ'ದ ಕಾವೇರಿಗೆ ಹೆರಿಗೆಯ ನಂತರ ಬುದ್ಧಿಭ್ರಮಣೆ, ಆಸ್ಪತ್ರೆಯಿಂದ ವಾಸಿಯಾಗಿ ಬಂದ ಮೇಲೆ ಗಂಡನ ತಿರಸ್ಕಾರ. ಪ್ರತಿಕ್ರಿಯೆ: ಮತ್ತೆ ಹುಚ್ಚು. ಸಾರಾ ಅವರ 'ಚಂದ್ರಗಿರಿಯ ತೀರದಲ್ಲಿ' ಕಾದಂಬರಿಯ ನಾದಿರಾಳಿಗೆ ಅಪ್ಪನ ಹಟದಿಂದ ತಲಾಖ್, ಆಮೇಲೆ ಗಂಡನನ್ನು ಮತ್ತೆ ಸೇರಬೇಕೆಂದರೆ ಬೇರೊಬ್ಬನ ಜೊತೆ ಒಂದು ರಾತ್ರಿಯ ಮದುವೆ. ಪ್ರತಿಕ್ರಿಯೆ: ಆತ್ಮಹತ್ಯೆ. ಬಾನು ಅವರ 'ಎದೆಯ ಹಣತೆ' ಕಥೆಯ ಮೆಹರುನ್‌ಳ ಗಂಡನಿಗೆ ಇನ್ನೊಬ್ಬಳ ಸಹವಾಸ. ಪ್ರತಿಕ್ರಿಯೆ: ಆತ್ಮಹತ್ಯೆ ಯತ್ನ, ತಾಯ್ತನದಿಂದಾಗಿ ಪಾರು. ಕೊನೆಗೆ ಮೂವರನ್ನೂ 'ಶರಣಾದವರು' ಅಂತ ಗುಡ್ಡೆ ಹಾಕಿ, ನಮ್ಮ ಲೇಖಕಿಯರಲ್ಲಿ ಪ್ರತಿಭಟನೆ ಸಾಲದು ಎಂದು ತೀರ್ಪು ಕೊಟ್ಟಿದ್ದೆ. ಎಷ್ಟು ಧೈರ್ಯ ನೋಡಿ!

ಇದನ್ನೆಲ್ಲ ಟೈಪ್ ಮಾಡಿಕೊಟ್ಟವಳು ನನ್ನ ಚಿಕ್ಕಮ್ಮ. ತುಮಕೂರಲ್ಲಿ ಅವಳದೊಂದು ಸಣ್ಣ ಡಿಟಿಪಿ ಅಂಗಡಿ ಇತ್ತು. ಅವಳ ಕಥೆಯನ್ನೂ ಸ್ವಲ್ಪ ಹೇಳಬೇಕು. ಗಂಡನ ಹೊಡೆತ ತಾಳಲಾರದೆ ಮಗುವನ್ನು ಎತ್ತಿಕೊಂಡು ತವರಿಗೆ ಬಂದಾಗ ನನ್ನ ಸೋದರಮಾವಂದಿರು ಕೂತು ಮಾತಾಡಿ, ಬುದ್ಧಿ ಹೇಳಿ, ಅವರೇ ಬಸ್ಸು ಹತ್ತಿಸಿ ಕಳಿಸಿದ್ದರು. ತಂಗಿಯ ಮೇಲೆ ಯಾರೂ ಕೈ ಎತ್ತಲಿಲ್ಲ. ಊಟ ಹಾಕಿದರು, ಮಗುವಿಗೆ ಬಟ್ಟೆ ತೆಗೆದುಕೊಟ್ಟರು. ಕೆಲವು ವರ್ಷದ ಮೇಲೆ ಅವಳೇ ಹೊರಬಂದಳು. ಈ ಸಲ ತವರಿನ ಕಡೆ ತಲೆ ಹಾಕಲಿಲ್ಲ.

ಪಟ್ಟಿ ಟೈಪ್ ಮಾಡುತ್ತಾ ಅವಳು ಮೆಹರುನ್ ಕಥೆಯನ್ನು ಓದಲು ಕೇಳಿದಳು. ಪುಸ್ತಕ ಕೊಟ್ಟೆ. ಓದಿ ಮುಗಿಸಿ, "ಏನೇ, ಇದರಲ್ಲಿ ಅಣ್ಣಂದಿರಿಗೆ ಕಾಲಂ ಎಲ್ಲಿದೆ?" ಅಂದಳು.

"ಅವರೇನು ಮುಖ್ಯ ಪಾತ್ರಗಳಲ್ಲ ಚಿಕ್ಕಮ್ಮ. ಸುಮ್ನೆ ಟೈಪ್ ಮಾಡು, ನಾಳೆ ಬೈಂಡಿಂಗ್‌ಗೆ ಹೋಗಬೇಕು."

ನನ್ನ ತಪ್ಪು ಇದೇ. ಇದನ್ನು ಬಿಡಿಸಿ ಹೇಳದೆ ನಿಮ್ಮನ್ನು ಬಿಡಲ್ಲ, ಯಾಕೆಂದರೆ ನೀವೂ ಈಗ ಅದೇ ಬಾಗಿಲಲ್ಲಿ ನಿಂತಿದ್ದೀರಿ. ಮೆಹರುನ್ ಕೂಸನ್ನು ಎತ್ತಿಕೊಂಡು ತವರಿಗೆ ಬರುತ್ತಾಳೆ. ಮನೆತನದ ಮರ್ಯಾದೆ ಉಳಿಸುವ ಬುದ್ಧಿ ಇದ್ದಿದ್ದರೆ ಇಲ್ಲಿಗೆ ಬರುವ ಬದಲು ಮೈಗೆ ಬೆಂಕಿ ಹಚ್ಚಿಕೊಂಡು ಸಾಯುತ್ತಿದ್ದೆ ಅನ್ನೋ ಅರ್ಥದ ಮಾತನ್ನು ಒಡಹುಟ್ಟಿದವನೇ ಹೇಳುತ್ತಾನೆ. ಆಮೇಲೆ ಅವಳನ್ನು ಗಂಡನ ಮನೆಗೆ ವಾಪಸ್ ತಂದು ಬಿಡುತ್ತಾರೆ. ಅವಳು ಸೀಮೆಎಣ್ಣೆ ಸುರಿದುಕೊಳ್ಳೋದು ಇದೆಲ್ಲ ಆದ ಮೇಲೆ. ಅಂದರೆ ಅದು ಅವಳ ತಲೆಯಲ್ಲಿ ಹುಟ್ಟಿದ ಯೋಚನೆ ಮಾತ್ರ ಅಲ್ಲ. ತವರಿನಲ್ಲಿ ಅವಳಿಗೆ ಹೇಳಿ ಕಳಿಸಿದ ಕೆಲಸ. ನನ್ನ ಪಟ್ಟಿ ಅದನ್ನು 'ಅವಳ ಪ್ರತಿಕ್ರಿಯೆ' ಅಂತ ಅವಳ ಲೆಕ್ಕಕ್ಕೇ ಬರೆದುಬಿಟ್ಟಿತ್ತು. ಹಿಂಸೆ ಮಾಡಿದವರ ಹೆಸರಿಗೆ ಇಡೀ ಪುಟದಲ್ಲಿ ಜಾಗವಿರಲಿಲ್ಲ. ಏನೂ ಮಾಡದೆ ಬರೀ 'ಹೊಂದಿಕೊಂಡು ಹೋಗು' ಅಂದವರಿಗಂತೂ ಇಲ್ಲವೇ ಇಲ್ಲ. ನಾದಿರಾಳ ವಿಷಯವೂ ಅಷ್ಟೇ. ಮಸೀದಿಯ ಕೆರೆಗೆ ಅವಳು ಬಿದ್ದದ್ದನ್ನು ಬರೆದಿದ್ದೆ. ಅಪ್ಪ, ಅಳಿಯನ ನಡುವೆ ದುಡ್ಡಿನ ಜಗಳ ನಡೆದಾಗ ಮೊಲೆ ಬಿಡದ ಮಗುವನ್ನು ಅವಳಿಂದ ಕಿತ್ತುಕೊಂಡದ್ದು 'ಹಿನ್ನೆಲೆ' ಎಂಬ ಒಂದು ಸಾಲಿನಲ್ಲಿ ಮುಗಿದುಹೋಗಿತ್ತು.

ವೈವಾದಲ್ಲಿ ಪರೀಕ್ಷಕರು ಕೇಳಿದ್ದೂ ಹೆಚ್ಚುಕಡಿಮೆ ಚಿಕ್ಕಮ್ಮನ ಪ್ರಶ್ನೆಯನ್ನೇ. ಉತ್ತರ ಇರಲಿಲ್ಲ. ತಿದ್ದಿ ತನ್ನಿ ಅಂದರು. ಅಷ್ಟರಲ್ಲಿ ನಾನು ಕಣ್ಣಿಟ್ಟಿದ್ದ ಅತಿಥಿ ಉಪನ್ಯಾಸಕಿ ಕೆಲಸಕ್ಕೆ ಅರ್ಜಿ ಹಾಕುವ ಗಡುವು ಮುಗಿದಿತ್ತು. ಟೈಪಿಂಗ್‌ಗೆ ಎರಡನೇ ಸಲವೂ ಚಿಕ್ಕಮ್ಮ ದುಡ್ಡು ತೆಗೆದುಕೊಳ್ಳಲಿಲ್ಲ, ಆದರೆ ಬೈದಳು.

ತಿದ್ದುವಾಗ ಕಣ್ಣಿಗೆ ಬಿದ್ದದ್ದು ಇನ್ನೊಂದು. 'ತಾಯ್ತನದಿಂದಾಗಿ ಪಾರು' ಅಂತ ಬರೆದಿದ್ದೆನಲ್ಲ, ಅದೂ ಸುಳ್ಳು. ಮೆಹರುನ್‌ಳನ್ನು ಉಳಿಸಿದ್ದು ಅವಳ ದೊಡ್ಡ ಮಗಳು ಸಲ್ಮಾ. ಕೂಸನ್ನು ಎತ್ತಿಕೊಂಡು ಅಮ್ಮನ ಮುಂದೆ ಅಂಗಲಾಚುತ್ತಾಳೆ. ಅಪ್ಪ, ಮಾವಂದಿರು, ಇಡೀ ಬಳಗ ಮಾಡದ ಕೆಲಸ ಆ ಹುಡುಗಿಯ ಹೆಗಲಿಗೆ ಬಿತ್ತು. ನಮ್ಮಲ್ಲಿ ಎಲ್ಲರೂ ಗೋವಿನ ಹಾಡು ಕೇಳಿ ಬೆಳೆದವರು. ಯಾರ ಹಾಲು ಕುಡಿಯಲಿ, ಯಾರ ಹತ್ತಿರ ಮಲಗಲಿ ಅಂತ ಅಲ್ಲಿ ಕರು ಕೇಳುತ್ತದೆ. ಪುಣ್ಯಕೋಟಿ ಕೊಟ್ಟ ಮಾತು ದೊಡ್ಡದು ಅಂತ ಹೊರಡುತ್ತಾಳೆ, ನಾವು ಅತ್ತು ಚಪ್ಪಾಳೆ ತಟ್ಟುತ್ತೇವೆ. ಬಾನು ಅವರ ಕಥೆಯಲ್ಲಿ ಮಗು ಕೇಳಿದ್ದನ್ನು ತಾಯಿ ಕೇಳಿಸಿಕೊಳ್ಳುತ್ತಾಳೆ. ಸಂತೋಷವೇ. ಆದರೆ ಬೆಳಗಾದರೆ ಅದೇ ಮನೆ, ಅದೇ ಗಂಡ, ಮೇಲಿಂದ ಅಮ್ಮನನ್ನು ಕಾಯುವ ಕೆಲಸ ಮಗಳಿಗೆ. ಇದು ಬಿಡುಗಡೆಯಾ, ಇನ್ನೊಂದು ಕಟ್ಟಾ? ಇದರ ಮೇಲೆ ಒಂದು ಅಧ್ಯಾಯ ಬರೆಯಿರಿ.

ಅಮೆರಿಕದ ಸ್ತ್ರೀವಾದಿ ಕವಯಿತ್ರಿ ಏಡ್ರಿಯನ್ ರಿಚ್ 1976ರ 'ಆಫ್ ವುಮನ್ ಬಾರ್ನ್'ನಲ್ಲಿ ತಾಯಿಯಾಗುವ ಅನುಭವವನ್ನೂ ತಾಯ್ತನ ಎಂಬ ವ್ಯವಸ್ಥೆಯನ್ನೂ ಬೇರೆ ಬೇರೆ ಮಾಡಿ ನೋಡುತ್ತಾರೆ. ಅದರ ಕೊನೆಯ ಭಾಗದಲ್ಲಿ ತನ್ನ ಇಬ್ಬರು ಮಕ್ಕಳನ್ನೇ ಕೊಂದ ತಾಯಿಯೊಬ್ಬಳ ಪ್ರಕರಣವಿದೆ. ಅಲ್ಲಿ ರಿಚ್ ಅವಳು ಒಳ್ಳೆಯ ತಾಯಿಯಾ ಕೆಟ್ಟ ತಾಯಿಯಾ ಅಂತ ಕೂರುವುದಿಲ್ಲ. ಅವಳನ್ನು ಅಲ್ಲಿಗೆ ತಂದು ನಿಲ್ಲಿಸಿದ್ದನ್ನು ಹುಡುಕುತ್ತಾರೆ. ಆ ಕಣ್ಣಿನಿಂದ ಕಾವೇರಿಯನ್ನು ನೋಡಿ. ಅವಳಿಗೆ ವಾಸಿಯಾಗಿದೆ ಅಂತ ಡಾಕ್ಟರೇ ಹೇಳಿದರೂ ಮನೆ ಮಾತ್ರ ಅವಳನ್ನು ಹುಚ್ಚಿ ಎಂದೇ ನೋಡುತ್ತದೆ. ಯಾರೂ ಹೊಡೆಯುವುದಿಲ್ಲ, ಆದರೂ ಅವಳು ಉಳಿಯುವುದಿಲ್ಲ. ತ್ರಿವೇಣಿ ಮನಶ್ಶಾಸ್ತ್ರ ಓದಿದವರು, ಗೊತ್ತಿದ್ದೇ ಬರೆದರು. ಪುಟ್ಟಣ್ಣ ಕಣಗಾಲರ 1971ರ ಸಿನಿಮಾ ನೋಡಿ ಕಾದಂಬರಿ ಬಿಟ್ಟುಬಿಡಬೇಡಿ. ಕಲ್ಪನಾ ಅಭಿನಯ ಮನಸ್ಸಲ್ಲಿ ಕೂತುಬಿಟ್ಟರೆ ಪುಸ್ತಕ ಕಾಣುವುದೇ ಇಲ್ಲ.

ಇನ್ನೊಂದು ವಿಷಯಕ್ಕೆ ಈಗಲೇ ಬೇಲಿ ಹಾಕಿ. 2025ರ ಅಂತರರಾಷ್ಟ್ರೀಯ ಬೂಕರ್ ಬಂದ ಮೇಲೆ ಬಾನು ಮುಷ್ತಾಕ್ ಎಂದರೆ 'ಮುಸ್ಲಿಂ ಹೆಣ್ಣಿನ ಗೋಳು' ಎಂಬ ಸಾಲು ಎಲ್ಲರ ಬಾಯಲ್ಲೂ ಬರುತ್ತಿದೆ. ಕಾವೇರಿ ಮತ್ತು ಮೆಹರುನ್‌ಳನ್ನು ಒಂದೇ ಅಧ್ಯಾಯದಲ್ಲಿ ಕೂರಿಸಿ. ಯಾವ ಧರ್ಮದ ಮನೆಯಾದರೂ ಬಾಗಿಲು ಹಾಕುವ ಸದ್ದು ಒಂದೇ ಥರ ಕೇಳುತ್ತದೆ. ಹಾಗೆಯೇ, ಬಾನು ಅವರು 29ನೇ ವಯಸ್ಸಿನಲ್ಲಿ ಬಾಣಂತಿ ಖಿನ್ನತೆ ಅನುಭವಿಸಿದ್ದನ್ನೂ, ಬೆಂಕಿ ಹಚ್ಚಿಕೊಳ್ಳಲು ಹೊರಟಾಗ ಗಂಡ ತಡೆದು ಮಗುವನ್ನು ತಮ್ಮ ಕಾಲ ಬಳಿ ಇಟ್ಟದ್ದನ್ನೂ ಸಂದರ್ಶನಗಳಲ್ಲಿ ಹೇಳಿದ್ದಾರೆ. ಇದನ್ನು ಹಿಡಿದು 'ಇದು ಅವರದೇ ಕಥೆ' ಅಂತ ಷರಾ ಬರೆಯಬೇಡಿ. ಜೀವನದಲ್ಲಿ ತಡೆದದ್ದು ಗಂಡ, ಕಥೆಯಲ್ಲಿ ಮಗಳು. ಗಂಡನನ್ನು ಅಲ್ಲಿಂದ ಯಾಕೆ ತೆಗೆದರು? ಆ ಪ್ರಶ್ನೆಗೆ ಉತ್ತರ ಹುಡುಕಿದರೆ ನಿಮ್ಮ ಪ್ರಬಂಧ ನನ್ನದಕ್ಕಿಂತ ಎಷ್ಟೋ ಜಾಸ್ತಿ ತೂಗುತ್ತದೆ.

ಪಟ್ಟಿ ಇದ್ದರೆ ನೋಡೋಕೆ ಚೆನ್ನಾಗಿರುತ್ತೆ ಅಂತ ಗೈಡ್ ಹಟ ಹಿಡಿದರೆ ಅನುಬಂಧಕ್ಕೆ ಹಾಕಿ, ಜಗಳ ಬೇಡ. ಆದರೆ 'ಸ್ತ್ರೀವಾದದ ಉಗಮ ಮತ್ತು ವಿಕಾಸ' ಅಂತ ಮೊದಲ ಅಧ್ಯಾಯ ಮಾತ್ರ ದಯವಿಟ್ಟು ಬರೆಯಬೇಡಿ. ಯಾರೂ ಓದಲ್ಲ. ನನ್ನ ಪರೀಕ್ಷಕರೂ ಓದಿರಲಿಲ್ಲ, ಸೀದಾ ಪಟ್ಟಿಗೇ ಬಂದಿದ್ದರು.