ದೀರ್ಘಕಾಲದ ಕಾಯಿಲೆಯ ನಡುವೆ ದಿನನಿತ್ಯದ ಖುಷಿ ಕಂಡುಕೊಳ್ಳುವುದು ಹೇಗೆ?

ಸಂಧಿವಾತದಿಂದ ಬಳಲುವ ನೀವು, ‘ಬೆಳಗಾದರೆ ಏಳುವ ಮನಸ್ಸೇ ಆಗುವುದಿಲ್ಲ, ಉತ್ಸಾಹ ಎಲ್ಲಿಂದ ತರಲಿ’ ಎಂದು ಕೇಳಿದ್ದೀರಿ. ನನಗೂ ಅದೇ ಕಾಯಿಲೆ, ಇರುವುದು ದಾವಣಗೆರೆಯಲ್ಲಿ.

ಮೊದಲು, ಬೆಳಗಿನ ಸ್ಥಿತಿಯಿಂದ ಇಡೀ ದಿನವನ್ನು ಅಳೆಯುವುದನ್ನು ಬಿಡಿ. ನಮ್ಮ ರೋಗನಿರೋಧಕ ವ್ಯವಸ್ಥೆಯೇ ಕೀಲುಗಳ ಮೇಲೆ ದಾಳಿ ಮಾಡುವ ಈ ರುಮಟಾಯ್ಡ್ ಸಂಧಿವಾತದಲ್ಲಿ ಉರಿಯೂತ ಹೆಚ್ಚಿಸುವ ರಾಸಾಯನಿಕಗಳು ನಸುಕಿನಲ್ಲಿ ಏರುತ್ತವೆ. ಕೀಲುಗಳು ಬಿಗಿದುಕೊಳ್ಳುವುದು ಅದರಿಂದ, ನಿಮ್ಮ ಸೋಮಾರಿತನದಿಂದಲ್ಲ. ಬೆಚ್ಚಗಿನ ನೀರಿನಲ್ಲಿ ಕೈ ಇಟ್ಟು ಬೆರಳುಗಳನ್ನು ಮೆಲ್ಲಗೆ ಮಡಚಿ ಬಿಡಿಸಿ. ಇಷ್ಟದ ಕೆಲಸವನ್ನು ದೇಹ ಸಡಿಲವಾಗುವ ಹೊತ್ತಿಗೆ ಇಟ್ಟುಕೊಳ್ಳಿ.

ನನಗೆ ಅದು ಸಂಜೆಯ ಕುಂದವಾಡ ಕೆರೆ. ಪೂರ್ತಿ ಸುತ್ತು ಹಾಕಲೇಬೇಕೆಂಬ ಹಟವಿಲ್ಲ. ಏರಿಯ ಮೇಲೆ ಸ್ವಲ್ಪ ನಡೆದು ಕುಳಿತರೆ, ಮುಳುಗಿದ ನೀರುಕಾಗೆ ಎಲ್ಲಿ ಮೇಲೇಳುತ್ತದೆ ಎಂದು ಊಹಿಸುವುದರಲ್ಲೇ ಹೊತ್ತು ಹೋಗುತ್ತದೆ. ಆಮೇಲೆ ಅದು ಒದ್ದೆ ರೆಕ್ಕೆಗಳನ್ನು ಅಗಲಿಸಿ ಇಳಿಬಿಸಿಲಿಗೆ ಒಡ್ಡಿ ನಿಲ್ಲುವುದನ್ನು ನೋಡಬೇಕು! ಹೋಗಲಾಗದ ದಿನ ಗೆಳತಿಯನ್ನು ಮನೆಗೆ ಕರೆಯುತ್ತೇನೆ. ಮಂಡಕ್ಕಿ, ಮಿರ್ಚಿ ಅವಳೇ ತರುತ್ತಾಳೆ. ಕೇಳಲು ಸಂಕೋಚ ಬೇಡ, ಆಪ್ತರಿಗೆ ಅದು ಹೊರೆಯಲ್ಲ.

ನೋವು ಕಡಿಮೆಯಿದ್ದ ದಿನ ಬಾಕಿ ಕೆಲಸವನ್ನೆಲ್ಲ ಒಮ್ಮೆಲೇ ಮುಗಿಸಲು ಹೋಗಬೇಡಿ. ಮರುದಿನ ಹಾಸಿಗೆ ಹಿಡಿಸುವುದು ಹೆಚ್ಚಾಗಿ ಅದೇ.

ಇದೊಂದನ್ನು ಮಾತ್ರ ಒತ್ತಿ ಹೇಳುತ್ತೇನೆ: ಎರಡು ವಾರ ಕಳೆದರೂ ಯಾವುದರಲ್ಲೂ ಆಸಕ್ತಿ ಹುಟ್ಟದಿದ್ದರೆ ಅದು ಖಿನ್ನತೆಯಾಗಿರಬಹುದು. ಸಂಧಿವಾತ ಇರುವವರಲ್ಲಿ ಅದು ಅಪರೂಪವಲ್ಲ, ಚಿಕಿತ್ಸೆಯೂ ಇದೆ. ನಿಮ್ಮ ವೈದ್ಯರಿಗೆ ತಿಳಿಸಿ, ಇಲ್ಲವೇ ಸರ್ಕಾರದ ಉಚಿತ ಸಹಾಯವಾಣಿ ಟೆಲಿ ಮಾನಸ್‌ಗೆ 14416ರಲ್ಲಿ ಕರೆ ಮಾಡಿ. ಕನ್ನಡದಲ್ಲೇ ಮಾತನಾಡಬಹುದು.